ಒಗರು, ಹದ, ಬಂಧ: ಕಾಲಜನ್ ತಂತುವನ್ನು ಕುರಿತ ಒಂದು ವಿಚಾರ

೧. ಪೀಠಿಕೆ

ಈಗ ಚಿಕ್ಕಮಗಳೂರು ಜಿಲ್ಲೆ ಎನಿಸಿಕೊಂಡಿರುವ ಪ್ರಾಂತವು ೧೯೪೭ರವರೆಗೆ ಕಡೂರು ಜಿಲ್ಲೆಯೆಂದು ಹೆಸರುಗೊಂಡಿದ್ದಿತು. ಅದರ ಉತ್ತರ ಮತ್ತು ಮೂಡಣ ಭಾಗಗಳಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ತಾಲ್ಲೂಕುಗಳಿವೆ. ಇವುಗಳಲ್ಲಿ ಅಜ್ಜಂಪುರವು ಮೊದಲು ತರೀಕೆರೆಗೆ ಸೇರಿದ್ದು ಈಚೆಗೆ ಪ್ರತ್ಯೇಕವಾದುದು. ಮಲೆನಾಡು ಮುಗಿದು ಬಯಲುಸೀಮೆಯು ಮೊದಲಾಗುವ ಈ ಪ್ರದೇಶವು ಎರಡು ವಸ್ತುಗಳಿಗೆ ಬಹುಕಾಲದಿಂದ ಹೆಸರಾಗಿದೆ. ಒಂದು, ದನ, ಇನ್ನೊಂದು, ಅಡಕೆ. ಅಜ್ಜಂಪುರದ ಅಮೃತಮಹಲ್ ತಳಿಸಂವರ್ಧನ ಕೇಂದ್ರವನ್ನೂ ಕಡೂರು ತಾಲ್ಲೂಕಿನ ಬಾಸೂರು ಮೊದಲಾದ ಅಮೃತಮಹಲ್ ಕಾವಲುಗಳನ್ನೂ ಕೇಳಿ ಅರಿಯದ ಕನ್ನಡಿಗರು ವಿರಳ. ತರೀಕೆರೆಯ ತೋಟಗಳೂ ಬೀರೂರಿನ ಅಡಕೆಯ ಪೇಟೆಯೂ ಅಷ್ಟೇ ಪ್ರಸಿದ್ಧವಾಗಿವೆ.

ದನದ ತೊಗಲಿಗೂ ಅಡಕೆಯ ಒಗರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಬಹಳ ಸಮೀಪದ್ದು. ಇಂದು ವೈದ್ಯರೂ ರಸಾಯನಶಾಸ್ತ್ರಜ್ಞರೂ ಯಂತ್ರಶಿಲ್ಪಿಗಳೂ ಕೂಡಿ, ಶರೀರದಲ್ಲಿ ಕೆಟ್ಟುಹೋದ ಭಾಗವನ್ನು ಸರಿಪಡಿಸುವುದಕ್ಕಾಗಿ ಬಗೆಬಗೆಯ ದ್ರವ್ಯಗಳನ್ನು ಸಿದ್ಧಪಡಿಸುತ್ತಿದ್ದಾರೆ. ಸುಟ್ಟ ಚರ್ಮಕ್ಕೆ ಹೊದಿಕೆ, ಹೃದಯಕ್ಕೆ ಕವಾಟ, ಗಾಯಕ್ಕೆ ಹೊಲಿಗೆಯ ದಾರ, ಇವೇ ಮೊದಲಾದುವು ಈ ವರ್ಗಕ್ಕೆ ಸೇರಿವೆ. ಇವುಗಳನ್ನು ಈ ಲೇಖನದಲ್ಲಿ ದೇಹಯೋಗ್ಯ ದ್ರವ್ಯಗಳೆಂದು ಕರೆಯುವೆವು. ಇವುಗಳಲ್ಲಿ ಅನೇಕವು ದನ, ಕುರಿ, ಹಂದಿ ಮೊದಲಾದ ಪ್ರಾಣಿಗಳ ಶರೀರದಿಂದ ತೆಗೆದ ಕಾಲಜನ್ ಎಂಬ ಒಂದೇ ಸಸಾರಜನಕ ವಸ್ತುವಿನಿಂದ ಆದುವು. ಅದನ್ನು ಉಪಯೋಗಕ್ಕೆ ತರುವ ವಿದ್ಯೆಯು ತೊಗಲು ಹದಮಾಡುವ ಪುರಾತನ ಕಸಬಿನಿಂದಲೇ ಬೆಳೆದು ಬಂದುದು. ಅಡಕೆಯನ್ನು ಸದಾ ಅಗಿಯುವವನ ಬಾಯಲ್ಲಿ ಉಂಟಾಗುವ ಒಂದು ಘೋರವಾದ ರೋಗಕ್ಕೂ ಇದೇ ಬಗೆಯ ಕ್ರಿಯೆಯು ಒಂದು ಕಾರಣವಾಗಿದೆ. ಹದಮಾಡುವ ತೊಟ್ಟಿ, ಶಸ್ತ್ರವೈದ್ಯನ ಮೇಜು, ಅಡಕೆ ಅಗಿಯುವ ಬಾಯಿ, ಈ ಮೂರೆಡೆಗಳಲ್ಲಿಯೂ ಕಾಲಜನ್ ತಂತುಗಳು ಒಂದಕ್ಕೊಂದು ಬಂಧಿಸಲ್ಪಡುತ್ತವೆ. ಬಂಧವು ಎಷ್ಟು, ಎಲ್ಲಿ, ಎಷ್ಟು ಕಾಲ ಎಂಬುದರ ಮೇಲೆ ಅದು ಉಪಕಾರವೋ ಅಪಕಾರವೋ ಎಂಬುದು ನಿರ್ಣಯವಾಗುವುದು. ಇದನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಕಾಲಜನ್ನಿನ ಸ್ವರೂಪ

ಶರೀರವು ಜೀವಕೋಶಗಳಿಂದ ಆಗಿದೆಯೆಂದು ಸಾಮಾನ್ಯವಾಗಿ ಹೇಳುವರು. ಆದರೆ ಕೋಶಗಳು ಮಾತ್ರವೇ ಇದ್ದಿದ್ದರೆ ಶರೀರವು ನಿಲ್ಲುತ್ತಿರಲಿಲ್ಲ. ಕೋಶಗಳ ನಡುವೆ, ಅವುಗಳೇ ನೆಯ್ದು ಹೊರಹಾಕಿದ ನಾರಿನ ಹಂದರವೊಂದಿದೆ. ಕೋಶಗಳೂ ಈ ಹಂದರವೂ ಕೂಡಿದಾಗ ಅಂಗಾಂಶವೆನಿಸುವುದು. ಹಂದರದ ಮುಖ್ಯವಾದ ನಾರೇ ಕಾಲಜನ್. ನಮ್ಮ ಶರೀರದಲ್ಲಿರುವ ಸಸಾರಜನಕಗಳಲ್ಲಿ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇದೊಂದೇ ಆಗಿದೆ. ಚರ್ಮ, ಸ್ನಾಯುರಜ್ಜು, ಮೂಳೆ, ಹಲ್ಲು, ಹೃದಯದ ಕವಾಟ, ಕೆನ್ನೆಯ ಒಳಪದರ, ಇವೆಲ್ಲಕ್ಕೂ ಇದೇ ಆಧಾರ. ಕಾಲಜನ್ ಎಂಬ ಹೆಸರು ಗ್ರೀಕ್ ಭಾಷೆಯಲ್ಲಿ ಸರೇಸು ಎಂಬ ಅರ್ಥವುಳ್ಳ ಪದದಿಂದ ಬಂದಿದೆ. ತೊಗಲನ್ನೂ ಮೂಳೆಯನ್ನೂ ನೀರಿನಲ್ಲಿ ಬಹಳ ಹೊತ್ತು ಬೇಯಿಸಿದರೆ ಬಡಗಿಯು ಮರವನ್ನು ಅಂಟಿಸುವ ಸರೇಸು ದೊರೆಯುವುದಷ್ಟೆ. ಆ ಸರೇಸು ಬೆಂದು ಬಿಚ್ಚಿಹೋದ ಕಾಲಜನ್ನೇ ಹೊರತು ಬೇರೆಯಲ್ಲ.

ಈ ನಾರಿನ ಅಣುವು ಹೇಗಿದೆಯೆಂಬುದನ್ನು ಕಂಡುಹಿಡಿದ ಕೀರ್ತಿಯಲ್ಲಿ ದಕ್ಷಿಣ ಭಾರತಕ್ಕೆ ದೊಡ್ಡ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಗೋಪೀನಾಥ ಕರ್ತಾ ಅವರೊಡನೆ ಕೂಡಿ, ಕಾಂಗರೂ ಎಂಬ ಪ್ರಾಣಿಯ ಬಾಲದ ಸ್ನಾಯುರಜ್ಜುವಿನ ಮೇಲೆ ಕ್ಷಕಿರಣಗಳನ್ನು ಹಾಯಿಸಿ, ಕಾಲಜನ್ ಅಣುವು ಮೂರು ಎಳೆಗಳ ಹುರಿಯೆಂದು ೧೯೫೪ರಲ್ಲಿ ಪ್ರಕಟಿಸಿದರು. ಮರುವರ್ಷ ಆ ರೂಪವನ್ನು ಇನ್ನಷ್ಟು ತಿದ್ದಿದರು. ಎಳೆಯಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿಯೂ ಗ್ಲೈಸಿನ್ ಎಂಬ ಅತಿ ಸಣ್ಣ ಘಟಕವಿರುವುದರಿಂದಲೇ ಮೂರು ಎಳೆಗಳು ಅಷ್ಟು ಒತ್ತಾಗಿ ಹೊಸೆದುಕೊಳ್ಳಲು ಸಾಧ್ಯವಾಗಿದೆ. ಮುಂದೆ ಬೆಂಗಳೂರಿಗೆ ಮರಳಿದ ರಾಮಚಂದ್ರನ್ನರು ೧೯೭೧ರಲ್ಲಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರದ ವಿಭಾಗವನ್ನು ಸ್ಥಾಪಿಸಿದರು.

ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವನ್ನು ನ್ಯಾನೋಮೀಟರೆನ್ನುವರು. ಕಾಲಜನ್ನಿನ ಹುರಿಯು ಸುಮಾರು ೩೦೦ ನ್ಯಾನೋಮೀಟರು ಉದ್ದ, ೧.೫ ನ್ಯಾನೋಮೀಟರು ದಪ್ಪ. ಎಂದರೆ ದಪ್ಪಕ್ಕೆ ಇನ್ನೂರು ಪಾಲು ಉದ್ದ. ಇಂತಹ ಅಸಂಖ್ಯಾತ ಹುರಿಗಳು ಪಕ್ಕಪಕ್ಕದಲ್ಲಿ ಕೂಡಿ ನಾರಾಗುತ್ತವೆ. ಆದರೆ ಪಕ್ಕದಲ್ಲಿ ಕೂಡಿದ ಮಾತ್ರಕ್ಕೆ ಹಗ್ಗಕ್ಕೆ ಬಲ ಬಾರದು. ಒಂದು ಹುರಿ ಇನ್ನೊಂದರ ಮೇಲೆ ಜಾರದಂತೆ ಅಡ್ಡಗಟ್ಟು ಬೇಕು. ಶರೀರವು ಈ ಕೆಲಸವನ್ನು ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದಿಂದ ಮಾಡಿಸುತ್ತದೆ. ತಾಮ್ರವಿಲ್ಲದೆ ಈ ಕಿಣ್ವವು ಕೆಲಸಮಾಡದು. ಅದು ಹುರಿಯಲ್ಲಿರುವ ಲೈಸಿನ್ ಎಂಬ ಘಟಕಗಳನ್ನು ಆಲ್ಡಿಹೈಡು ಎಂಬ ರೂಪಕ್ಕೆ ತಿರುಗಿಸುತ್ತದೆ. ಆ ಆಲ್ಡಿಹೈಡುಗಳು ನೆರೆಯ ಹುರಿಯನ್ನು ಹಿಡಿದುಕೊಳ್ಳುತ್ತವೆ. ಈ ಹಿಡಿತವನ್ನು ಅಡ್ಡಬಂಧವೆನ್ನೋಣ.

ಕಟ್ಟುವ ಕೆಲಸವಿರುವಂತೆಯೇ ಬಿಚ್ಚುವ ಕೆಲಸವೂ ಇದೆ. ಕಾಲಜನೇಸ್ ಎಂಬ ಕಿಣ್ವವು ಹುರಿಯನ್ನು ಅದರ ಉದ್ದದ ಸುಮಾರು ಮುಕ್ಕಾಲು ಪಾಲಿನಲ್ಲಿ, ಒಂದು ಗೊತ್ತಾದ ಸ್ಥಾನದಲ್ಲಿ, ಕತ್ತರಿಸುತ್ತದೆ. ಕತ್ತರಿಸಿದ ತುಂಡುಗಳನ್ನು ಬೇರೆ ಕಿಣ್ವಗಳು ಕರಗಿಸುತ್ತವೆ. ಹಳೆಯದನ್ನು ಬಿಚ್ಚುವುದೂ ಹೊಸದನ್ನು ನೆಯ್ಯುವುದೂ ಸಮನಾಗಿ ನಡೆದರೆ ಅಂಗಾಂಶವು ಆರೋಗ್ಯವಾಗಿರುತ್ತದೆ. ಮುಂದೆ ಹೇಳುವುದೆಲ್ಲವೂ ಈ ಸಮತೂಕವನ್ನು ಕುರಿತದ್ದೇ ಆಗಿದೆ.

೩. ಹದದ ತತ್ತ್ವ

ಹಸಿಯ ತೊಗಲನ್ನು ಹಾಗೆಯೇ ಬಿಟ್ಟರೆ ಎರಡು ದಿನಕ್ಕೆ ಕೊಳೆಯುತ್ತದೆ; ಒಣಗಿಸಿದರೆ ಹಲಗೆಯಂತಾಗಿ ನೆನೆದ ಕೂಡಲೆ ಮತ್ತೆ ಕೊಳೆಯುತ್ತದೆ. ಕೊಳೆಯುವುದೆಂದರೆ ಸೂಕ್ಷ್ಮಜೀವಿಗಳ ಕಿಣ್ವಗಳು ಕಾಲಜನ್ ಹುರಿಯನ್ನು ಕತ್ತರಿಸುವುದು. ಇದನ್ನು ತಡೆಯುವ ಉಪಾಯವನ್ನು ನಮ್ಮ ಹಳ್ಳಿಗಳಲ್ಲಿ ತೊಗಲು ಹದಮಾಡುವವರು ಪುಸ್ತಕವಿಲ್ಲದೆಯೇ ಬಲ್ಲವರಾಗಿದ್ದರು. ಮೊದಲು ಸುಣ್ಣದ ತೊಟ್ಟಿಯಲ್ಲಿ ನೆನೆಹಾಕಿ ಕೂದಲನ್ನು ಸಡಿಲಿಸುವರು; ಸುಣ್ಣವು ನಾರುಗಳನ್ನೂ ಸ್ವಲ್ಪ ಬಿಡಿಸಿ, ಒಗರು ಒಳಹೊಗಲು ದಾರಿಮಾಡುವುದು. ಆಮೇಲೆ ಸುಣ್ಣವನ್ನು ತೊಳೆದು ತೊಗಲನ್ನು ಒಗರಿನ ನೀರಿನಲ್ಲಿ ಮುಳುಗಿಸುವರು. ಬಯಲುಸೀಮೆಯ ಬೀಳುಗಳಲ್ಲಿ ಹಳದಿಯ ಹೂ ಬಿಡುವ ತಂಗಡಿಯ ತೊಗಟೆಯೂ ಅಳಲೆಕಾಯಿಯೂ ಈ ಒಗರಿಗೆ ಪ್ರಸಿದ್ಧವಾದುವು. ಕಪಿಲೆಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ನೇಗಿಲಿನ ಮಿಣಿ, ಕಾಲಿನ ಕೆರ, ಇವೆಲ್ಲಕ್ಕೂ ಹೀಗೆ ಹದಗೊಂಡ ತೊಗಲೇ ಬೇಕಾಗಿದ್ದಿತು.

ಒಗರೆಂಬುದು ಟ್ಯಾನಿನ್ ಎಂಬ ದ್ರವ್ಯಗಳ ಗುಣ. ಟ್ಯಾನಿನ್ನಿನ ಒಂದೊಂದು ಅಣುವಿಗೂ ಹಿಡಿಯುವ ಕೈಗಳು ಅನೇಕ. ಒಂದೊಂದು ಕೈಯ ಹಿಡಿತವು ದುರ್ಬಲವಾದರೂ, ಅನೇಕ ಕೈಗಳು ಏಕಕಾಲದಲ್ಲಿ ಅನೇಕ ಹುರಿಗಳನ್ನು ಹಿಡಿದಾಗ ಒಟ್ಟು ಹಿಡಿತವು ಬಲವಾಗುತ್ತದೆ. ಎಳೆಯ ಅಡಕೆಯನ್ನೋ ಅಳಲೆಯನ್ನೋ ಕಚ್ಚಿದಾಗ ನಾಲಗೆಯು ಬಿಗಿದು ಒಣಗಿದಂತಾಗುವುದಷ್ಟೆ. ಎಂಜಲಿನಲ್ಲಿರುವ ಸಸಾರಜನಕಗಳನ್ನು ಟ್ಯಾನಿನ್ ಹಿಡಿದು ಗಟ್ಟಿಮಾಡುವುದರ ಅನುಭವವೇ ಅದು. ನಾಲಗೆಗೆ ಒಗರಾಗಿ ತೋರುವುದೇ ತೊಗಲಿಗೆ ಹದವಾಗುವುದು.

ಹದವು ಎಷ್ಟಾಯಿತೆಂಬುದನ್ನು ಅಳೆಯುವ ಸುಲಭವಾದ ಕ್ರಮವೊಂದಿದೆ. ಹಸಿಯ ತೊಗಲಿನ ಒಂದು ಪಟ್ಟಿಯನ್ನು ನೀರಿನಲ್ಲಿಟ್ಟು ನಿಧಾನವಾಗಿ ಕಾಯಿಸಿದರೆ, ಶತಾಂಶ ಮಾಪಕದ ಸುಮಾರು ೬೦ರಿಂದ ೬೫ ಡಿಗ್ರಿಯಲ್ಲಿ ಅದು ಒಮ್ಮೆಗೇ ಮುರುಟಿ ಕುಗ್ಗುತ್ತದೆ. ಹುರಿಗಳು ಬಿಚ್ಚಿಕೊಂಡುವೆಂಬುದಕ್ಕೆ ಇದೇ ಗುರುತು. ತೊಗಟೆಯ ಒಗರಿನಿಂದ ಹದಗೊಂಡ ತೊಗಲು ಸುಮಾರು ೭೫ರಿಂದ ೮೫ ಡಿಗ್ರಿಯವರೆಗೆ ತಾಳುವುದು. ಕ್ರೋಮಿಯಂ ಲವಣದಿಂದ ಹದಗೊಂಡುದು ಕುದಿಯುವ ನೀರನ್ನೂ ತಾಳಬಲ್ಲುದು. ಅಡ್ಡಬಂಧಗಳ ಸಂಖ್ಯೆಯೂ ಬಲವೂ ಹೆಚ್ಚಿದಂತೆಲ್ಲ ತಾಳ್ಮೆಯು ಹೆಚ್ಚುವುದೆಂದು ಇದರಿಂದ ತಿಳಿಯುತ್ತದೆ.

ಈ ತತ್ತ್ವವನ್ನು ಮೊದಲು ಶಸ್ತ್ರವೈದ್ಯಕ್ಕೆ ತಂದವರಲ್ಲಿ ಇಂಗ್ಲೆಂಡಿನ ಲಿಸ್ಟರ್ ಪ್ರಮುಖನು. ಕುರಿಯ ಕರುಳಿನ ಪದರದಿಂದ ಹೊಸೆದ ಕ್ಯಾಟ್‌ಗಟ್ ಎಂಬ ದಾರದಿಂದ ಗಾಯವನ್ನು ಹೊಲಿದರೆ ಶರೀರವು ಅದನ್ನು ತಾನಾಗಿಯೇ ಕರಗಿಸಿಕೊಳ್ಳುತ್ತದೆ. ದಾರವನ್ನು ಕೀಳುವ ತೊಂದರೆಯಿಲ್ಲ. ಆದರೆ ಹಸಿಯ ದಾರದ ಬಲವು ಒಂದು ವಾರ ಹತ್ತು ದಿನಗಳಲ್ಲಿಯೇ ಉಡುಗುವುದರಿಂದ, ನಿಧಾನವಾಗಿ ಕೂಡುವ ಗಾಯವು ಬಾಯ್ಬಿಡುವ ಭಯವಿದ್ದಿತು. ದಾರವನ್ನು ಕ್ರೋಮಿಯಂ ಲವಣದಲ್ಲಿ ಹದಮಾಡಿದಾಗ ಅದು ಸುಮಾರು ಮೂರು ವಾರದವರೆಗೆ ನಿಲ್ಲುವಂತಾಯಿತು. ಚಪ್ಪಲಿಯ ತೊಗಲಿಗೂ ಹೊಲಿಗೆಯ ದಾರಕ್ಕೂ ಹದವು ಒಂದೇ, ಭೇದವಿರುವುದು ಪ್ರಮಾಣದಲ್ಲಿ. ಚಪ್ಪಲಿಯು ಎಂದಿಗೂ ಕರಗಬಾರದು; ದಾರವು ತಕ್ಕ ಕಾಲಕ್ಕೆ ಕರಗಲೇಬೇಕು.

೪. ಶರೀರದೊಳಗಣ ಹದ

ಹೃದಯದಲ್ಲಿ ರಕ್ತವು ಹಿಂದಕ್ಕೆ ಹರಿಯದಂತೆ ತಡೆಯುವ ನಾಲ್ಕು ಕವಾಟಗಳಿವೆ. ಬಾಲ್ಯದಲ್ಲಿ ಗಂಟಲುನೋವಿನ ಹಿಂದೆ ಬರುವ ವಾತಜ್ವರವು ಈ ಕವಾಟಗಳನ್ನು ಕೆಡಿಸುವುದುಂಟು; ನಮ್ಮ ದೇಶದಲ್ಲಿ ಎಳೆಯ ವಯಸ್ಸಿನವರು ಕವಾಟರೋಗಕ್ಕೆ ತುತ್ತಾಗುವುದಕ್ಕೆ ಇದು ಮುಖ್ಯ ಕಾರಣ. ಕೆಟ್ಟ ಕವಾಟದ ಸ್ಥಾನದಲ್ಲಿ ಪ್ರಾಣಿಯ ಕವಾಟವನ್ನು ಇಡಬಹುದೇ ಎಂಬ ಪ್ರಯತ್ನವು ೧೯೬೫ರಲ್ಲಿ ಪ್ಯಾರಿಸಿನಲ್ಲಿ ನಡೆಯಿತು. ಹಂದಿಯ ಕವಾಟಗಳನ್ನು ಪಾದರಸದ ಲವಣವಿರುವ ದ್ರಾವಣದಲ್ಲಿ ಶುದ್ಧಿಮಾಡಿ ಇಟ್ಟರು. ಅವು ಕೆಲವೇ ವರ್ಷಗಳಲ್ಲಿ ಕೆಟ್ಟುವು. ಕಾರಣವೇನೆಂದರೆ, ಅವುಗಳ ಹಂದರಕ್ಕೆ ಹದವಿರಲಿಲ್ಲ.

ಆ ಪ್ರಯತ್ನದಲ್ಲಿ ಭಾಗಿಯಾಗಿದ್ದ ಅಲೆನ್ ಕಾರ್ಪೆಂಟಿಯೇ ಎಂಬ ಶಸ್ತ್ರವೈದ್ಯರು ಗ್ಲುಟರಾಲ್ಡಿಹೈಡ್ ಎಂಬ ದ್ರವ್ಯವನ್ನು ಆರಿಸಿಕೊಂಡರು. ಅದು ಐದು ಅಂಗಾರ ಪರಮಾಣುಗಳ ಸಣ್ಣ ಸರಪಣಿ. ಎರಡು ತುದಿಗಳಲ್ಲಿಯೂ ಒಂದೊಂದು ಆಲ್ಡಿಹೈಡು. ಒಂದು ತುದಿಯು ಒಂದು ಹುರಿಯ ಲೈಸಿನ್ನನ್ನೂ ಮತ್ತೊಂದು ತುದಿಯು ನೆರೆಯ ಹುರಿಯ ಲೈಸಿನ್ನನ್ನೂ ಹಿಡಿದರೆ ಬಿಡದ ಬಂಧವಾಗುವುದು. ಶರೀರದ ಸ್ವಂತ ಕಿಣ್ವವು ಆಲ್ಡಿಹೈಡುಗಳಿಂದಲೇ ಬಂಧಿಸುವುದೆಂದು ಹಿಂದೆ ಹೇಳಿದ್ದನ್ನು ವಾಚಕರು ನೆನೆಯಬಹುದು. ೧೯೬೯ರ ವೇಳೆಗೆ ಈ ಕ್ರಮವು ಪ್ರಕಟವಾಯಿತು. ೧೯೭೧ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಅಯೊನೆಸ್ಕೂ ಅವರು ದನದ ಹೃದಯದ ಹೊರಚೀಲವನ್ನು ಹೀಗೆ ಹದಮಾಡಿ, ಕತ್ತರಿಸಿ, ಚೌಕಟ್ಟಿಗೆ ಹೊಲಿದು ಕವಾಟವನ್ನು ರಚಿಸಿದರು. ಇಂದು ಜಗತ್ತಿನಲ್ಲಿ ಬಳಕೆಯಲ್ಲಿರುವ ಅಂಗಾಂಶ ಕವಾಟಗಳಲ್ಲಿ ದನದ ಹೊರಚೀಲದಿಂದ ಆದುವು ಬಹಳ.

ಹದವು ಇಲ್ಲಿ ಎರಡು ಉಪಕಾರಗಳನ್ನು ಮಾಡುತ್ತದೆ. ಕಿಣ್ವಗಳು ಕತ್ತರಿಸದಂತೆ ತಡೆಯುವುದು ಒಂದು. ಪರಕೀಯ ಪ್ರಾಣಿಯ ಗುರುತುಗಳನ್ನು ಮುಚ್ಚಿ, ರೋಗಿಯ ಶರೀರವು ಅದರ ಮೇಲೆ ಬೀಳದಂತೆ ಬಹುಮಟ್ಟಿಗೆ ಕಾಯುವುದು ಇನ್ನೊಂದು. ಆದರೆ ಬೆಲೆಯಿಲ್ಲದೆ ಯಾವುದೂ ದೊರೆಯದು. ಹದಗೊಂಡ ಕವಾಟವು ಸತ್ತ ವಸ್ತು. ಸವೆದ ನಾರನ್ನು ಹೊಸದಾಗಿ ನೆಯ್ಯುವ ಕೋಶಗಳು ಅದರಲ್ಲಿಲ್ಲ. ಸತ್ತ ಕೋಶಗಳ ಉಳಿಕೆಯಲ್ಲಿಯೂ ಮಿಕ್ಕ ಆಲ್ಡಿಹೈಡುಗಳ ಬಳಿಯಲ್ಲಿಯೂ ಸುಣ್ಣದ ಅಂಶವು ಕ್ರಮೇಣ ಕಟ್ಟಿಕೊಂಡು ಕವಾಟವು ಬಿರುಸಾಗುತ್ತದೆ. ಎಳೆಯರಲ್ಲಿ ಇದು ಬೇಗ, ವೃದ್ಧರಲ್ಲಿ ನಿಧಾನ. ಆದುದರಿಂದ ಇಂತಹ ಕವಾಟಕ್ಕೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷಗಳ ಆಯುಸ್ಸನ್ನು ಹೇಳುವರು.

ಈ ಕಾರಣದಿಂದಲೇ ಎಳೆಯ ರೋಗಿಗಳು ಹೆಚ್ಚಾಗಿರುವ ನಮ್ಮ ದೇಶದಲ್ಲಿ ಕಾಲಜನ್ನನ್ನು ಪೂರ್ಣವಾಗಿ ಬಿಟ್ಟು ಲೋಹದ ಕವಾಟವನ್ನು ಹುಡುಕಿದವರಿದ್ದಾರೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರಚಿತವಾದ ಚಿತ್ರಾ ಕವಾಟವನ್ನು ೧೯೯೦ರ ಡಿಸೆಂಬರಿನಲ್ಲಿ ಮೊದಲು ರೋಗಿಗೆ ಇಡಲಾಯಿತು. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಗಟ್ಟಿಯಾದ ಪಾಲಿಎಥಿಲೀನಿನ ಬಿಲ್ಲೆ, ಪಾಲಿಯೆಸ್ಟರಿನ ಹೊಲಿಗೆಯ ಉಂಗುರ, ಇವು ಅದರ ಅಂಗಗಳು. ಈವರೆಗೆ ಒಂದು ಲಕ್ಷಕ್ಕೂ ಮೀರಿದ ಕವಾಟಗಳು ಬಳಕೆಗೆ ಬಂದಿವೆ. ವಲಿಯತ್ತಾನರು ೧೯೯೩ರಲ್ಲಿ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾಗಿ ಬಂದು ಕರ್ನಾಟಕದವರೂ ಆದರು. ಲೋಹದ ಕವಾಟವು ಸುಣ್ಣಗಟ್ಟುವುದಿಲ್ಲ. ಆದರೆ ಅದರ ಮೇಲೆ ರಕ್ತವು ಹೆಪ್ಪುಗಟ್ಟಬಲ್ಲುದು. ರೋಗಿಯು ಬದುಕಿರುವವರೆಗೂ ರಕ್ತವನ್ನು ತೆಳುವಾಗಿರಿಸುವ ಔಷಧವನ್ನು ಸೇವಿಸುತ್ತ, ಆಗಾಗ್ಗೆ ರಕ್ತಪರೀಕ್ಷೆಗೆ ಹೋಗುತ್ತಿರಬೇಕು. ಅಜ್ಜಂಪುರದ ಕಡೆಯ ಹಳ್ಳಿಯೊಂದರ ರೈತನಿಗೆ ಇದು ಎಷ್ಟು ದೂರದ ದಾರಿಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ಮಾರ್ಗವೊಂದಿದೆ, ಅದು ಹೊಲಿಗೆಯ ದಾರದ ತತ್ತ್ವವನ್ನು ಬೆಳೆಸಿದುದು. ಅಮೆರಿಕದ ಬಾಸ್ಟನ್ ಪ್ರಾಂತದಲ್ಲಿ ಯಾನಸ್ ಎಂಬ ಯಂತ್ರಶಿಲ್ಪಿಯೂ ಬರ್ಕ್ ಎಂಬ ಶಸ್ತ್ರವೈದ್ಯರೂ ಕೂಡಿ, ಸುಟ್ಟ ಗಾಯಗಳಿಗಾಗಿ ಒಂದು ಹೊದಿಕೆಯನ್ನು ೧೯೮೧ರಲ್ಲಿ ಪ್ರಕಟಿಸಿದರು. ದನದ ಕಾಲಜನ್ನಿಗೆ ಷಾರ್ಕ್ ಮೀನಿನ ಮೃದ್ವಸ್ಥಿಯ ಒಂದು ಸತ್ತ್ವವನ್ನು ಕೂಡಿಸಿ, ನೀರನ್ನು ಹೆಪ್ಪುಗಟ್ಟಿಸಿ ಆರಿಸಿ, ಸ್ಪಂಜಿನಂತೆ ರಂಧ್ರಮಯವಾದ ಹಾಳೆಯನ್ನು ಮಾಡುವರು. ಮೇಲೆ ಸಿಲಿಕೋನಿನ ತೆಳುವಾದ ಪೊರೆ. ಗಾಯದ ಅಂಚಿನಿಂದಲೂ ತಳದಿಂದಲೂ ರೋಗಿಯ ಸ್ವಂತ ಕೋಶಗಳು ರಂಧ್ರಗಳೊಳಗೆ ನುಗ್ಗಿ ತಮ್ಮ ನಾರನ್ನು ನೆಯ್ಯುತ್ತವೆ. ಇತ್ತ ದನದ ಹಂದರವು ಕರಗುತ್ತ ಬರುತ್ತದೆ. ಇಲ್ಲಿ ಶಿಲ್ಪಿಯು ಸಾಧಿಸಬೇಕಾದುದು ಒಂದೇ: ಹಳೆಯದು ಕರಗುವ ವೇಗವು ಹೊಸದು ಬೆಳೆಯುವ ವೇಗಕ್ಕೆ ಸಮನಾಗಿರಬೇಕು. ಬೇಗ ಕರಗಿದರೆ ಗಾಯವು ಬರಿದಾಗಿ ಕುಗ್ಗುವುದು. ಕರಗದೆ ನಿಂತರೆ ಅದನ್ನು ಸುತ್ತಿ ಗಡುಸಾದ ಕಲೆ ಕಟ್ಟುವುದು. ಈ ವೇಗವನ್ನು ನಿಯಮಿಸುವ ಸಾಧನವು ಅಡ್ಡಬಂಧಗಳ ಸಂಖ್ಯೆ. ಶ್ರೀಚಿತ್ರಾ ಸಂಸ್ಥೆಯವರು ಹಂದಿಯ ಪಿತ್ತಕೋಶದಿಂದ ಕೋಶಗಳನ್ನು ತೆಗೆದು ಹಂದರವನ್ನು ಮಾತ್ರ ಉಳಿಸಿ ಗಾಯಕ್ಕೆ ಹೊದಿಸುವ ಪೊರೆಯನ್ನು ಸಿದ್ಧಪಡಿಸಿರುವುದೂ ಈ ಮಾರ್ಗದಲ್ಲಿಯೇ. ಮದರಾಸಿನಲ್ಲಿ ೧೯೪೮ರಲ್ಲಿ ಸ್ಥಾಪಿತವಾದ ಕೇಂದ್ರ ಚರ್ಮ ಸಂಶೋಧನಾಲಯವೂ ಪಾದರಕ್ಷೆಯ ತೊಗಲಿನಿಂದ ತೊಡಗಿ ಗಾಯದ ಹೊದಿಕೆಯವರೆಗೆ ತನ್ನ ಶೋಧವನ್ನು ವಿಸ್ತರಿಸಿಕೊಂಡಿದೆ. ಹದದ ವಿದ್ಯೆಗೂ ವೈದ್ಯಕ್ಕೂ ಇರುವ ನಂಟಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಡ.

೫. ಬಾಯೊಳಗಣ ಹದ

ಈಗ ತರೀಕೆರೆಯ ತೋಟಕ್ಕೆ ಮರಳೋಣ. ಮಲೆನಾಡಿನ ಕ್ರಮದಂತೆ ಹಸುರಾದ ಅಡಕೆಯನ್ನು ಸುಲಿದು, ಹಂಡೆಯಲ್ಲಿ ಬೇಯಿಸಿ, ಒಣಗಿಸುವರು. ಬೇಯಿಸಿದ ನೀರು ಗಟ್ಟಿಯಾಗಿ ಕೆಂಪುಗಂದು ಬಣ್ಣಕ್ಕೆ ತಿರುಗುವುದು, ಇದೇ ಚೊಗರು. ಅಡಕೆಗೆ ಬಣ್ಣವೂ ಹೊಳಪೂ ಬರಲೆಂದು ಚೊಗರನ್ನು ಮತ್ತೆ ಅದಕ್ಕೆ ಊಡುವರು. ಚೊಗರೆಂಬುದು ಟ್ಯಾನಿನ್ನೇ. ಎಳೆಗಾಯಿಯಲ್ಲಿ ಟ್ಯಾನಿನ್ನು ಹೆಚ್ಚು, ಬಲಿತಂತೆಲ್ಲ ಕಡಮೆ. ಇದರೊಡನೆ ಅರೆಕೋಲಿನ್ ಎಂಬ ಕ್ಷಾರಸತ್ತ್ವವೂ ಅಡಕೆಯಲ್ಲಿದೆ. ಅಗಿಯುವವನಿಗೆ ಬರುವ ಉಲ್ಲಾಸವೂ ಬಿಡಲಾರದ ಚಟವೂ ಇದರಿಂದ.

ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರ ಬಾಯಲ್ಲಿ ಕಂಡ ಒಂದು ವಿಚಿತ್ರವಾದ ಬಿಗಿತವನ್ನು ಶ್ವಾರ್ಟ್ಸ್ ಎಂಬವರು ೧೯೫೨ರಲ್ಲಿ ವರ್ಣಿಸಿದರು. ಮರುವರ್ಷ ಮುಂಬಯಿಯ ಜೋಷಿಯವರು ಅದೇ ರೋಗವನ್ನು ಇಲ್ಲಿಯೂ ಗುರುತಿಸಿ, ಒಳಪದರದ ಕೆಳಗೆ ನಾರುಗಟ್ಟುವ ರೋಗವೆಂದು ಹೆಸರಿಟ್ಟರು. ಮೊದಲು ಖಾರದ ಆಹಾರವು ಬಾಯಲ್ಲಿ ಉರಿಯುವುದು. ಆಮೇಲೆ ಕೆನ್ನೆಯ ಒಳಪದರವು ಬಿಳಚಿ ಅಮೃತಶಿಲೆಯಂತೆ ತೋರುವುದು. ಬೆರಳಿಟ್ಟು ನೋಡಿದರೆ ಒಳಗೆ ಹುರಿಗಳಂತೆ ಗಡುಸಾದ ಪಟ್ಟಿಗಳು ತಗಲುವುವು. ಆರೋಗ್ಯವಂತನ ಬಾಯಿ ಮೂರು ಬೆರಳು ನಿಲ್ಲುವಷ್ಟು, ಸುಮಾರು ೩೫ರಿಂದ ೫೦ ಮಿಲಿಮೀಟರು, ತೆರೆಯುವುದು. ಈ ರೋಗಿಯ ಬಾಯಿ ವರ್ಷವರ್ಷಕ್ಕೂ ಕಿರಿದಾಗುತ್ತ ೨೦ ಮಿಲಿಮೀಟರಿಗೂ ಇಳಿಯಬಹುದು. ತುತ್ತು ಹೋಗದು, ಶಿಳ್ಳೆ ಹಾಕಲಾಗದು, ನಾಲಗೆ ಚಾಚಲಾಗದು. ಇದಕ್ಕಿಂತಲೂ ಭಯಂಕರವಾದುದು, ಇದು ಅರ್ಬುದರೋಗಕ್ಕೆ ದಾರಿಯಾಗುವುದು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ೬೬ ರೋಗಿಗಳನ್ನು ೧೭ ವರ್ಷಗಳ ಅವಧಿಯಲ್ಲಿ ಗಮನಿಸಿದಾಗ ಐವರಿಗೆ, ಎಂದರೆ ನೂರಕ್ಕೆ ೭.೬ರಂತೆ, ಬಾಯಿಯ ಅರ್ಬುದವು ಉಂಟಾದುದು ೧೯೮೫ರಲ್ಲಿ ಪ್ರಕಟವಾಗಿದೆ.

ಈ ರೋಗದ ನಾರು ಯಾವುದು? ಅದೂ ಕಾಲಜನ್. ೧೯೮೭ರಲ್ಲಿ ಸ್ಕಟ್ ಮೊದಲಾದವರು ಕಾಲಜನ್ ನಾರುಗಳನ್ನು ಅಡಕೆಯ ಸಾರದಲ್ಲಿಯೂ ಅದರಿಂದ ಬೇರ್ಪಡಿಸಿದ ಟ್ಯಾನಿನ್ನಿನಲ್ಲಿಯೂ ನೆನೆಯಿಸಿ, ಬಳಿಕ ಕಾಲಜನೇಸ್ ಕಿಣ್ವಕ್ಕೆ ಒಡ್ಡಿದರು. ಅಡಕೆಯಲ್ಲಿ ನೆನೆದ ನಾರನ್ನು ಕಿಣ್ವವು ಕತ್ತರಿಸಲಾರದೆ ಹೋಯಿತು. ಹದಮಾಡುವವನು ತಂಗಡಿಯ ತೊಗಟೆಯಿಂದ ಸತ್ತ ತೊಗಲಿಗೆ ಮಾಡುವುದನ್ನೇ ಅಡಕೆಯು ಜೀವವಿರುವ ನಾರಿಗೆ ಮಾಡಬಲ್ಲುದೆಂದು ಇದರಿಂದ ಸಿದ್ಧವಾಯಿತು. ಹದಮಾಡುವಾಗ ಸುಣ್ಣವು ಮೊದಲು ಬರುವಂತೆ ಇಲ್ಲಿಯೂ ಎಲೆಗೆ ಹಚ್ಚಿದ ಸುಣ್ಣವಿರುವುದು. ಅದು ಅರೆಕೋಲಿನ್ನನ್ನು ಅರೆಕೈಡಿನ್ ಎಂಬ ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ.

ಆದರೆ ಸಾದೃಶ್ಯವನ್ನು ಅತಿಯಾಗಿ ಎಳೆಯಬಾರದು. ತೊಗಲು ಸತ್ತದ್ದು, ಅಲ್ಲಿ ಇರುವ ನಾರು ಉಳಿಯುವುದೇ ಹೊರತು ಹೊಸದು ಹುಟ್ಟುವುದಿಲ್ಲ. ಕೆನ್ನೆಯು ಜೀವಂತ; ಅಲ್ಲಿ ಕೋಶಗಳು ದಿನವೂ ನೆಯ್ಯುತ್ತಿರುವುವು. ಅರೆಕೋಲಿನ್ ಈ ಕೋಶಗಳನ್ನು ಪ್ರಚೋದಿಸಿ ಹೆಚ್ಚು ನಾರನ್ನು ನೆಯ್ಯಿಸುವುದೆಂದು ಕೆಲವು ಪ್ರಯೋಗಗಳು ತೋರಿಸಿವೆ. ಎಲ್ಲ ಪ್ರಯೋಗಗಳೂ ಇದನ್ನು ಒಪ್ಪುವುದಿಲ್ಲ. ಅಡಕೆಯಲ್ಲಿ ತಾಮ್ರದ ಅಂಶವು ಹೆಚ್ಚಾಗಿರುವುದರಿಂದ ಲೈಸಿಲ್ ಆಕ್ಸಿಡೇಸಿನ ಕೆಲಸವು ಹೆಚ್ಚಿ ಅಡ್ಡಬಂಧಗಳು ಮಿತಿಮೀರುವುವೆಂಬ ಅಭಿಪ್ರಾಯವೂ ಇದೆ. ಅಂತು, ನೆಯ್ಯುವುದು ಹೆಚ್ಚುವುದು, ಬಿಚ್ಚುವುದು ಕುಗ್ಗುವುದು, ಬಂಧವು ಬಿಗಿಯುವುದು, ಈ ಮೂರೂ ಕೂಡಿ ಸಮತೂಕವು ಕೆಡುವುದೆಂಬುದೇ ಇಂದಿನ ತಜ್ಞರ ಸಾಮಾನ್ಯವಾದ ನಿಲುವು. ಪ್ರತಿಯೊಬ್ಬ ಅಗಿಯುವವನಿಗೂ ಈ ರೋಗವು ಬರುವುದಿಲ್ಲವೆಂಬುದೂ ನಿಜ.

ನಮ್ಮ ಹಿರಿಯರು ಊಟವಾದ ಮೇಲೆ ಎಲೆಯೊಡನೆ ಹಾಕಿಕೊಳ್ಳುತ್ತಿದ್ದ ಒಂದು ಚೂರಡಕೆಗೂ, ಇಂದು ಚೀಟಿಗಳಲ್ಲಿ ಮಾರುವ ಪುಡಿಯಡಕೆಗೂ ಪ್ರಮಾಣದಲ್ಲಿ ಬಹಳ ಅಂತರವಿದೆ. ಗುಟ್ಕಾ ಮೊದಲಾದ ಒಣಪುಡಿಗಳನ್ನು ಹುಡುಗರು ಬೆಳಗಿನಿಂದ ಸಂಜೆಯವರೆಗೆ ಕೆನ್ನೆಯ ಒಂದೇ ಕಡೆಯಲ್ಲಿ ಇಟ್ಟುಕೊಂಡಿರುವರು. ಚರ್ಮವನ್ನು ತೊಟ್ಟಿಯಲ್ಲಿ ನೆನೆಹಾಕಿದುದಕ್ಕೂ ಇದಕ್ಕೂ ಭೇದವೇನು? ಕರ್ನಾಟಕ ಸರ್ಕಾರವು ೨೦೧೩ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಹೊಗೆಸೊಪ್ಪಿಲ್ಲದಿದ್ದರೆ ಅಪಾಯವಿಲ್ಲವೆಂದು ತಿಳಿಯುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪಿಲ್ಲದ ಬರಿಯ ಅಡಕೆಯನ್ನೂ ಮನುಷ್ಯರಲ್ಲಿ ಅರ್ಬುದವನ್ನು ಉಂಟುಮಾಡುವ ಪದಾರ್ಥಗಳ ಮೊದಲನೆಯ ವರ್ಗಕ್ಕೆ ಸೇರಿಸಿ ೨೦೦೪ರಲ್ಲಿ ಪ್ರಕಟಿಸಿದೆ.

೬. ಚಿಕಿತ್ಸೆ

ಒಮ್ಮೆ ಹದಗೊಂಡ ತೊಗಲನ್ನು ಮತ್ತೆ ಹಸಿಮಾಡಲಾಗದು. ಕೆನ್ನೆಯಲ್ಲಿ ಕಟ್ಟಿದ ಪಟ್ಟಿಗಳೂ ಹಾಗೆಯೇ. ಅಡಕೆಯನ್ನು ಬಿಟ್ಟರೆ ರೋಗವು ಮುಂದುವರಿಯುವುದು ನಿಲ್ಲಬಹುದು, ಕಟ್ಟಿದ ಪಟ್ಟಿಯು ತಾನಾಗಿ ಕರಗುವುದಿಲ್ಲ. ಮೊದಲ ಹಂತದಲ್ಲಿ ಉರಿಯನ್ನು ತಗ್ಗಿಸುವ ಔಷಧಗಳನ್ನೂ ನಾರಿನ ನಡುವಣ ದ್ರವ್ಯವನ್ನು ಸಡಿಲಿಸುವ ಕಿಣ್ವವನ್ನೂ ಸೂಜಿಯ ಮೂಲಕ ಕೊಡುವರು. ಬಾಯಿ ತೀರ ಮುಚ್ಚಿದಾಗ ಶಸ್ತ್ರಚಿಕಿತ್ಸೆಯೇ ಗತಿ.

ವೈದ್ಯನು ಪಟ್ಟಿಗಳನ್ನು ಕತ್ತರಿಸಿ ಬಾಯನ್ನು ತೆರೆಯುವನು. ಆದರೆ ಕೆಲಸವು ಅಲ್ಲಿಗೆ ಮುಗಿಯದು. ಕತ್ತರಿಸಿದ ಗಾಯವನ್ನು ಬರಿದಾಗಿ ಬಿಟ್ಟರೆ ಅದು ಮಾಯುವಾಗ ಕುಗ್ಗಿ, ಮೊದಲಿಗಿಂತ ಬಿಗಿಯಾದ ನಾರು ಕಟ್ಟುವುದು. ಆದುದರಿಂದ ಹೊದಿಕೆ ಬೇಕು. ರೋಗಿಯ ಕೆನ್ನೆಯೊಳಗಿರುವ ಕೊಬ್ಬಿನ ಗಡ್ಡೆಯನ್ನು ಎಳೆದು ಹರಡುವುದು, ತೊಡೆಯ ಚರ್ಮವನ್ನು ತಂದು ಹಾಕುವುದು, ಇವು ಕೆಲವು ಕ್ರಮಗಳು. ಇನ್ನೊಂದು ಕ್ರಮವು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು: ದನದ ಕಾಲಜನ್ನಿನಿಂದ ಮಾಡಿದ ಪೊರೆಯನ್ನು ಗಾಯಕ್ಕೆ ಹೊದಿಸಿ ಹೊಲಿಯುವುದು. ಪೊರೆಯು ರಕ್ತವನ್ನು ತಡೆದು, ನೋವನ್ನು ತಗ್ಗಿಸಿ, ರೋಗಿಯ ಹೊಸ ಪದರವು ಹಬ್ಬುವವರೆಗೆ ಹಂದರವಾಗಿ ನಿಂತು, ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ. ಕರಗದ ಕಾಲಜನ್ನಿನಿಂದ ಮುಚ್ಚಿದ ಬಾಯನ್ನು ಕರಗುವ ಕಾಲಜನ್ನಿನಿಂದ ತೆರೆದಿಡುವುದೇ ಈ ಚಿಕಿತ್ಸೆಯ ಸಾರ.

ಪೊರೆಯ ಶಕ್ತಿಗೂ ಮಿತಿಯಿದೆ. ಶಸ್ತ್ರಚಿಕಿತ್ಸೆಯಾದ ಮೇಲೆ ತಿಂಗಳುಗಟ್ಟಲೆ ದಿನಕ್ಕೆ ಹಲವು ಬಾರಿ ಬಾಯನ್ನು ಬಲವಂತವಾಗಿ ತೆರೆದು ಅಭ್ಯಾಸಮಾಡಬೇಕು. ನೋವಿಗೆ ಅಂಜಿ ಅಭ್ಯಾಸವನ್ನು ಬಿಟ್ಟವನ ಬಾಯಿ ಮತ್ತೆ ಮುಚ್ಚುವುದು. ಮತ್ತೆ ಅಡಕೆಯನ್ನು ಹಿಡಿದವನಿಗಂತೂ ಹೊಸ ಪದರವೂ ಅದೇ ಒಗರಿನಲ್ಲಿ ನೆನೆದು ಹದಗೊಳ್ಳಲು ತೊಡಗುವುದು; ಯಾವ ಶಿಲ್ಪಿಯ ಪೊರೆಯೂ ಅವನನ್ನು ಕಾಪಾಡಲಾರದು. ಮೂರು ತಾಲ್ಲೂಕಿನವರಿಗೆ ದಾವಣಗೆರೆಯ ದಂತವೈದ್ಯ ವಿದ್ಯಾಲಯಗಳು ದೂರವಲ್ಲ. ಖಾರವು ಬಾಯಲ್ಲಿ ಉರಿಯತೊಡಗಿದಾಗಲೇ, ಮೂರು ಬೆರಳು ಬಾಯಲ್ಲಿ ನಿಲ್ಲದಿರುವಾಗಲೇ, ವೈದ್ಯರಿಗೆ ತೋರಿಸುವುದು ಶಸ್ತ್ರಚಿಕಿತ್ಸೆಗಿಂತ ಲೇಸು. ಈ ಪರೀಕ್ಷೆಗೆ ಯಾವ ಯಂತ್ರವೂ ಬೇಡ; ತನ್ನ ಬೆರಳೇ ಸಾಕು.

೭. ಉಪಸಂಹಾರ

ಮೇಲಿನ ವಿಚಾರದಿಂದ ತೋಟಗಾರರನ್ನು ದೂಷಿಸುವುದು ನಮ್ಮ ಅಭಿಪ್ರಾಯವಲ್ಲ. ತರೀಕೆರೆಯ ಎಷ್ಟೋ ಮನೆಗಳ ಮಕ್ಕಳ ವಿದ್ಯೆಯೂ ಮದುವೆಯೂ ಅಡಕೆಯ ಕೊಯ್ಲಿನ ಮೇಲೆ ನಿಂತಿವೆ. ಒಗರು ಸ್ವತಃ ಕೆಟ್ಟದ್ದೂ ಅಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಚರಕ ಎಂಬ ಮಹಿಳೆಯರ ಸಹಕಾರ ಸಂಘವು ಅಡಕೆಯ ಚೊಗರಿನಿಂದ ಕೈಮಗ್ಗದ ಬಟ್ಟೆಗಳಿಗೆ ಬಣ್ಣ ಹಾಕುತ್ತ ಬಂದಿದೆ. ಪ್ರಯೋಗಶಾಲೆಗಳಲ್ಲಿ ಟ್ಯಾನಿಕ್ ಆಮ್ಲವನ್ನು ಗ್ಲುಟರಾಲ್ಡಿಹೈಡಿನ ಬದಲಾಗಿ, ಗಾಯದ ಕಾಲಜನ್ ಹಾಳೆಗಳನ್ನು ಬಂಧಿಸಲು ಪರೀಕ್ಷಿಸುತ್ತಿದ್ದಾರೆ. ಗ್ಲುಟರಾಲ್ಡಿಹೈಡು ಹಿಡಿಯಲಾರದ ಎಲಾಸ್ಟಿನ್ ಎಂಬ ಇನ್ನೊಂದು ನಾರನ್ನು ಕವಾಟಗಳಲ್ಲಿ ಕಾಪಾಡಲು ಟ್ಯಾನಿನ್ ಜಾತಿಯ ದ್ರವ್ಯಗಳು ಸಮರ್ಥವಾಗಿ ತೋರಿವೆ. ಬಾಯನ್ನು ಮುಚ್ಚಿಸುವ ಒಗರೇ ಮುಂದೊಂದು ದಿನ ಕವಾಟವನ್ನು ಬಾಳಿಸುವುದೂ ಅಸಂಭವವಲ್ಲ.

ಗುಣವಿರುವುದು ದ್ರವ್ಯದಲ್ಲಲ್ಲ, ಪ್ರಮಾಣದಲ್ಲಿ ಮತ್ತು ಸ್ಥಾನದಲ್ಲಿ ಎಂಬುದೇ ಇದರ ನಿರ್ಗಲಿತಾರ್ಥ. ತೊಗಲಿನ ಚೀಲಕ್ಕೆ ಬಿಡದ ಬಂಧ ಬೇಕು. ಹೊಲಿಗೆಯ ದಾರಕ್ಕೆ ಮೂರು ವಾರದ ಬಂಧ ಸಾಕು. ಕವಾಟಕ್ಕೆ ಆಯುಷ್ಯದ ಬಂಧ ಬೇಕು, ಅದು ಇನ್ನೂ ಪೂರ್ಣವಾಗಿ ಕೈಗೂಡಿಲ್ಲ. ಜೀವಂತವಾದ ಕೆನ್ನೆಗೆ ಶರೀರವು ತಾನೇ ಕಟ್ಟಿ ತಾನೇ ಬಿಚ್ಚುವ ಬಂಧದ ಹೊರತು ಬೇರೊಂದು ಬೇಡ. ಅಡಕೆಗೆ ಹೋದ ಮಾನವನ್ನು ಆನೆ ಕೊಟ್ಟರೂ ತರಲಾಗದೆಂಬ ಗಾದೆಯು ನಮ್ಮಲ್ಲಿ ಹಳೆಯದು. ಮಾನದ ಮಾತು ಹಾಗಿರಲಿ. ಅಡಕೆಗೆ ಹೋದ ಬಾಯನ್ನು ಮರಳಿ ತರುವುದಕ್ಕೆ ಇಂದಿನ ವೈದ್ಯಶಿಲ್ಪವು ಎಷ್ಟು ಶ್ರಮಪಡುತ್ತಿದೆಯೆಂಬುದನ್ನೂ, ಅದು ಮರಳಿ ತರುವುದು ಅರ್ಧವನ್ನು ಮಾತ್ರವೆಂಬುದನ್ನೂ, ಈ ಮೂರು ತಾಲ್ಲೂಕುಗಳ ತಂದೆತಾಯಿಗಳು ಅರಿತರೆ ಈ ಲೇಖನವು ಸಾರ್ಥಕವಾದಂತೆ.